ವೆನಿಸ್‌ನಲ್ಲಿ ಎರಡು ರಾತ್ರಿ

ಶುಕ್ರವಾರ ಸಂಜೆ ಮ್ಯೂನಿಕ್‌ನಿಂದಲೋ ಐಂಡ್‌ಹೋವನ್‌ನಿಂದಲೋ ಸ್ನೇಹಿತರಿಬ್ಬರು ಹೊರಟು, ಶನಿವಾರ ಭಾನುವಾರ ವೆನಿಸ್ ನೋಡಿ, ಸೋಮವಾರ ಬೆಳಗ್ಗೆ ಮತ್ತೆ ಆಫೀಸಿಗೆ ಹಾಜರಾಗುವುದು ಯುರೋಪಿನಲ್ಲಿ ಕೆಲಸಕ್ಕಿರುವ ಕನ್ನಡಿಗರಿಗೆ ಈಗ ಹೊಸದೇನಲ್ಲ. ಅಗ್ಗದ ವಿಮಾನ, ರಾತ್ರಿ ಬಸ್ಸು, ಬೆನ್ನಿಗೊಂದು ಚೀಲ, ಇಷ್ಟಿದ್ದರೆ ಆಯಿತು. ಈ ಬಗೆಯ ಪ್ರವಾಸದ ಮೇಲೆ ಬಲ್ಲವರು ಹೊರಿಸುವ ಆರೋಪ ಸಾಮಾನ್ಯವಾಗಿ ಒಂದೇ: ಅವಸರ. ಸಾವಿರ ವರ್ಷ ಗಣರಾಜ್ಯವಾಗಿ ಬಾಳಿದ, ಮೆಡಿಟರೇನಿಯನ್ ವ್ಯಾಪಾರವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಊರನ್ನು ಎರಡು ದಿನದಲ್ಲಿ ನೋಡಿ ಮುಗಿಸುತ್ತೇವೆ ಎನ್ನುವವರು ಬಂದ ಪುಟ್ಟ ಹೋದ ಪುಟ್ಟರು, ಊರು ಅವರಿಗೆ ಏನನ್ನೂ ಬಿಟ್ಟುಕೊಡುವುದಿಲ್ಲ ಎಂಬುದು ಆ ಟೀಕೆಯ ತಿರುಳು. ಕೇಳಲು ಗಂಭೀರವಾಗಿದೆ, ಪರೀಕ್ಷೆಗೆ ನಿಲ್ಲುವುದಿಲ್ಲ. ವಾರಾಂತ್ಯದ ವೆನಿಸ್ ಪ್ರವಾಸದಲ್ಲಿ ದೋಷ ಇದೆ, ಆದರೆ ಅದು ಇರುವುದು ಆ ಇಬ್ಬರು ಹಗಲಿನಲ್ಲಿ ಎಷ್ಟು ಬೇಗ ನಡೆಯುತ್ತಾರೆ ಎಂಬುದರಲ್ಲಲ್ಲ, ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದರಲ್ಲಿ.

ಮೊದಲು ಅವಸರದ ಆರೋಪವನ್ನೇ ನೋಡೋಣ. ಲಗೂನಿನ ನೂರಕ್ಕೂ ಹೆಚ್ಚು ನಡುಗಡ್ಡೆಗಳ ಮೇಲೆ ಕೂತ, ನಾನೂರಕ್ಕೂ ಹೆಚ್ಚು ಸೇತುವೆಗಳಿರುವ ವೆನಿಸ್ ಹೆಸರಿಗೆ ಇರುವಷ್ಟು ದೊಡ್ಡ ಊರಲ್ಲ. ನಡುವೆ ಹರಿಯುವ ಗ್ರಾಂಡ್ ಕೆನಾಲ್‌ನ ಉದ್ದ ನಾಲ್ಕು ಕಿಲೋಮೀಟರಿಗಿಂತ ಕಡಿಮೆ. ರೈಲು ನಿಲ್ದಾಣದಿಂದ ಊರಿನ ಪೂರ್ವದ ತುದಿಗೆ, ದಾರಿ ತಪ್ಪುವುದನ್ನೂ ಲೆಕ್ಕಕ್ಕೆ ಹಿಡಿದು, ಒಂದು ಬೆಳಗಿನಲ್ಲಿ ನಡೆದು ಸೇರಬಹುದು. ಇನ್ನು ಈ ಊರನ್ನು ನಡೆಸುವ ಮುಖ್ಯ ಸಂಗತಿ ಉಬ್ಬರವಿಳಿತ. ಸುಮಾರು ಆರು ಗಂಟೆ ಸಮುದ್ರದ ನೀರು ಕಾಲುವೆಗಳಿಗೆ ನುಗ್ಗುತ್ತದೆ, ಮತ್ತೆ ಆರು ಗಂಟೆಯಲ್ಲಿ ಇಳಿಯುತ್ತದೆ. ನೀರು ಇಳಿದಾಗ ಮನೆಗಳ ಮೆಟ್ಟಿಲ ಮೇಲೆ ಕಾಣುವ ಪಾಚಿಯ ಹಸಿರು ಪಟ್ಟಿ, ಅದರ ಮೇಲೆ ಉಪ್ಪು ತಿಂದು ಉದುರುವ ಇಟ್ಟಿಗೆ, ಅಡಿಯಲ್ಲಿ ಉಪ್ಪುನೀರನ್ನು ತಡೆಯಲೆಂದೇ ಕೂರಿಸಿದ ಬಿಳಿಯ ಇಸ್ತ್ರಿಯಾ ಕಲ್ಲು: ಈ ಮೂರನ್ನು ಒಂದರ ಮೇಲೊಂದು ನೋಡಿದವರಿಗೆ ಈ ಊರು ಹೇಗೆ ನಿಂತಿದೆ, ಹೇಗೆ ಸವೆಯುತ್ತಿದೆ ಎಂಬುದು ತಿಳಿಯುತ್ತದೆ. ಎರಡು ದಿನದಲ್ಲಿ ಈ ಏರಿಳಿತ ನಾಲ್ಕು ಸಲ ನಡೆದುಹೋಗುತ್ತದೆ. ನೋಡುವ ಕಣ್ಣಿದ್ದರೆ ಅಷ್ಟು ಸಾಕು.

ಹೆಚ್ಚು ದಿನ ಇದ್ದವರು ಹೆಚ್ಚು ಆಳವಾಗಿ ನೋಡುತ್ತಾರೆ ಎಂಬ ನಂಬಿಕೆಯೂ ಅಷ್ಟೇ. ವೆನಿಸ್‌ನ ವ್ಯಾಪಾರಿ ಚೆಸಾರೆ ಫೆದೆರಿಚಿ 1567ರಲ್ಲಿ, ತಾಳಿಕೋಟೆ ಯುದ್ಧವಾಗಿ ಎರಡು ವರ್ಷಕ್ಕೆ, ನಮ್ಮ ವಿಜಯನಗರಕ್ಕೆ ಬಂದಿದ್ದ. ಅಲ್ಲಿ ಏಳು ತಿಂಗಳು ಉಳಿದ. ಊರಿನ ಮೇಲಿನ ಮೋಹಕ್ಕಲ್ಲ. ಅವನ ಕೆಲಸಕ್ಕೆ ಒಂದು ತಿಂಗಳು ಸಾಕಿತ್ತು, ದಾರಿಯಲ್ಲಿ ಕಳ್ಳರ ಕಾಟವಿದ್ದುದರಿಂದ ಹೊರಡಲಾಗಲಿಲ್ಲ ಎಂದು ಅವನೇ ಹೇಳಿಕೊಂಡಿದ್ದಾನೆ. ಹಾಳುಬಿದ್ದ ರಾಜಧಾನಿಯ ಬಗ್ಗೆ ಅವನು ಬರೆದದ್ದನ್ನು ಇಂದಿಗೂ ಇತಿಹಾಸಕಾರರು ಆಧಾರವಾಗಿ ಬಳಸುತ್ತಾರೆ ಎಂಬುದು ನಿಜ. ಆದರೆ ಅದಕ್ಕೆ ಕಾರಣ ವ್ಯಾಪಾರಿಯ ಚುರುಕು ಕಣ್ಣು. ದಾರಿ ಕಾಯುತ್ತ ಕಳೆದ ಆರು ತಿಂಗಳನ್ನು ಅದರ ಜಮೆಗೆ ಹಾಕುವುದು ಕಷ್ಟ.

ಇಬ್ಬರೇ ಹೋಗುವುದು ಕೂಡ ಈ ಊರಿಗೆ ಒಗ್ಗುವ ಕ್ರಮ. ಇಲ್ಲಿನ ಓಣಿಗಳು ಎಷ್ಟೋ ಕಡೆ ಎದುರಿನಿಂದ ಒಬ್ಬರು ಬಂದರೆ ಹೆಗಲು ಓರೆ ಮಾಡಬೇಕಾದಷ್ಟು ಕಿರಿದು. ಮಾರ್ಗದರ್ಶಿಗಳ ಗುಂಪಿನಲ್ಲಿ 25ಕ್ಕಿಂತ ಹೆಚ್ಚು ಜನ ಇರಬಾರದು, ಧ್ವನಿವರ್ಧಕ ಬಳಸಬಾರದು ಎಂದು 2024ರ ಆಗಸ್ಟ್‌ನಿಂದ ನಗರಸಭೆ ನಿಯಮ ಮಾಡಬೇಕಾಗಿ ಬಂದದ್ದು ಇದಕ್ಕೇ. ಇಬ್ಬರು ಸ್ನೇಹಿತರಿಗೆ ಆ ನಿಯಮ ಬೇಕಾಗಿಲ್ಲ. ಅವರು ಗೊಂಡೊಲಾ ಹತ್ತಿದರೆ ಮೂಗು ಮುರಿಯುವವರಿದ್ದಾರೆ, ಅದೂ ಅನ್ಯಾಯ. ಹನ್ನೊಂದು ಮೀಟರಿನಷ್ಟು ಉದ್ದದ ಆ ದೋಣಿಯನ್ನು ಹತ್ತಿರದಿಂದ ನೋಡಿದರೆ ಅದು ಬೇಕೆಂದೇ ಸೊಟ್ಟ: ಎಡಮಗ್ಗುಲು ಬಲಮಗ್ಗುಲಿಗಿಂತ ಒಂದು ಗೇಣಿನಷ್ಟು ಅಗಲ. ಅಂಬಿಗ ಹಿಂಬದಿಯಲ್ಲಿ ನಿಂತು ಬಲಗಡೆ ಒಂದೇ ಹುಟ್ಟು ಹಾಕುವುದರಿಂದ, ಎರಡೂ ಕಡೆ ಸಮನಾಗಿದ್ದರೆ ದೋಣಿ ಸುತ್ತುತ್ತಲೇ ಇರುತ್ತಿತ್ತು. ಹುಟ್ಟನ್ನು ಆನಿಸುವ ಆಕ್ರೋಟದ ಮರದ ಗೂಟಕ್ಕೆ ಹಲವು ಬಾಗುಗಳು. ಮುಂದಕ್ಕೆ ಹೋಗಲು ಒಂದು, ಹಿಂದಕ್ಕೆ ಒಂದು, ತಿರುಗಲು ಇನ್ನೊಂದು. ಅದನ್ನು ಕೆತ್ತುವವರು, ದೋಣಿ ಕಟ್ಟುವವರು ಇಂದಿಗೂ ಊರಿನಲ್ಲಿದ್ದಾರೆ. ಹಗಲಿನ ಅರ್ಧ ಗಂಟೆ ಸವಾರಿಗೆ ನಗರಸಭೆ ಗೊತ್ತುಮಾಡಿದ ದರ ಈಗ ದೋಣಿಯೊಂದಕ್ಕೆ 90 ಯೂರೋ. ಇಬ್ಬರ ಜೇಬಿಗೆ ಇದು ಭಾರವೇ, ಆದರೆ ಆ ದುಡ್ಡು ಒಂದು ಜೀವಂತ ಕಸುಬಿಗೆ ಹೋಗುತ್ತದೆ. ಹಗಲಿನ ಲೆಕ್ಕದಲ್ಲಿ ವಾರಾಂತ್ಯದ ಪ್ರವಾಸಿಯ ಮೇಲೆ ನನಗೆ ದೊಡ್ಡ ದೂರಿಲ್ಲ.

ರಾತ್ರಿಯ ಲೆಕ್ಕ ಬೇರೆ. ಎರಡು ರಾತ್ರಿಗೆ ಬರುವ ಇಬ್ಬರಿಗೆ ಹೋಟೆಲ್ ದುಬಾರಿ ಎನಿಸುತ್ತದೆ. ಆ್ಯಪ್ ತೆರೆದರೆ ಅದೇ ದುಡ್ಡಿಗೆ, ಇಲ್ಲವೇ ಕಡಿಮೆಗೆ, ಇಡೀ ಮನೆ ಸಿಗುತ್ತದೆ: ಎರಡು ಹಾಸಿಗೆ, ಒಂದು ಪುಟ್ಟ ಅಡುಗೆಮನೆ, ಕಾಲುವೆಯ ಕಡೆಗೆ ಒಂದು ಕಿಟಕಿ. ಸ್ಥಳೀಯರಂತೆ ಬದುಕಿ ಎಂಬ ಆಹ್ವಾನವೂ ಅದರ ಜೊತೆಗೆ ಬರುತ್ತದೆ. ಸ್ಥಳೀಯರು ಅಲ್ಲಿ ನಿಜವಾಗಿಯೂ ಬದುಕಿದ್ದರು, ಈಗಿಲ್ಲ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ವೆನಿಸ್‌ನ ಮನೆ ಬಾಗಿಲುಗಳ ಪಕ್ಕದಲ್ಲಿ ಹಿತ್ತಾಳೆಯ ಕರೆಗಂಟೆಗಳ ಸಾಲಿರುತ್ತದೆ, ಪ್ರತಿ ಗುಂಡಿಯ ಎದುರು ಒಂದು ಮನೆತನದ ಹೆಸರು. ಈಗ ಎಷ್ಟೋ ಬಾಗಿಲುಗಳಲ್ಲಿ ಆ ಸಾಲಿನ ಒಂದೆರಡು ಹೆಸರುಗಳ ಜಾಗಕ್ಕೆ ಬಾಡಿಗೆ ಕಂಪನಿಯ ಚೀಟಿ ಬಂದಿದೆ, ಕೆಳಗೆ ನಾಲ್ಕಂಕಿಯ ಗುಟ್ಟಿನ ಸಂಖ್ಯೆಗೆ ತೆರೆದುಕೊಳ್ಳುವ ಕೀಲಿಕೈ ಪೆಟ್ಟಿಗೆ. 1951ರಲ್ಲಿ ಹಳೆಯ ವೆನಿಸ್‌ನ ಜನಸಂಖ್ಯೆ ಸುಮಾರು 1,75,000 ಇತ್ತು. 2022ರಲ್ಲಿ ಅದು 50,000ಕ್ಕಿಂತ ಕೆಳಗಿಳಿಯಿತು. ರಿಯಾಲ್ಟೊ ಸೇತುವೆಯ ಪಕ್ಕದ ಚೌಕದ ಒಂದು ಔಷಧದ ಅಂಗಡಿಯ ಕಿಟಕಿಯಲ್ಲಿ ಈ ಸಂಖ್ಯೆಯನ್ನು ತೋರಿಸುವ ಫಲಕವನ್ನು 2008ರಲ್ಲಿಯೇ ಹಾಕಿದ್ದರು. ಅದರಲ್ಲಿನ ಅಂಕಿ ಇಳಿಯುತ್ತಲೇ ಬಂದಿದೆ. 2023ರಲ್ಲಿ ಹಳೆಯ ಊರಿನ ಪ್ರವಾಸಿ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನು ಮೀರಿತು ಎಂದು ಅಲ್ಲಿನ ನಾಗರಿಕ ಸಂಘಟನೆಗಳು ಲೆಕ್ಕ ಹಾಕಿ ತೋರಿಸಿದವು.

ಒಂದು ಮನೆ ಬಾಡಿಗೆ ಹಾಸಿಗೆಯಾದರೆ ಹೋಗುವುದು ಒಂದು ಮನೆ ಮಾತ್ರವಲ್ಲ. ವೆನಿಸ್‌ನ ಯಾವುದೇ ಚೌಕದ ನಡುವೆ, ಅವರು ಕಾಂಪೊ ಎನ್ನುವ ಬಯಲಿನಲ್ಲಿ, ಕೆತ್ತಿದ ಕಲ್ಲಿನ ಕಟ್ಟೆಯೊಂದು ಮುಚ್ಚಳ ಹಾಕಿಕೊಂಡು ಕೂತಿರುವುದನ್ನು ನೋಡಬಹುದು. ಅದು ನಮಗೆ ಗೊತ್ತಿರುವ ಬಗೆಯ ಬಾವಿಯಲ್ಲ. ಸುತ್ತ ಉಪ್ಪುನೀರಿರುವ ಊರಿನಲ್ಲಿ ತೋಡಿದರೆ ಸಿಹಿನೀರು ಎಲ್ಲಿಂದ ಬರಬೇಕು? ಇಡೀ ಚೌಕದ ಅಡಿಯನ್ನು ತೋಡಿ, ಉಪ್ಪು ಒಳಬಾರದಂತೆ ಜೇಡಿಮಣ್ಣು ಮೆತ್ತಿ, ಒಳಗೆ ಮರಳು ತುಂಬಿ, ನಡುವೆ ಇಟ್ಟಿಗೆಯ ಕೊಳವೆ ಕಟ್ಟುತ್ತಿದ್ದರು. ಸುತ್ತಲಿನ ಮಾಡುಗಳಿಂದ ಇಳಿದ, ಬಯಲಿಗೆ ಬಿದ್ದ ಮಳೆನೀರು ಇಳಿಜಾರು ನೆಲದ ಮೇಲೆ ಹರಿದು, ಕಲ್ಲಿನ ತೂತುಗಳಿಂದ ಮರಳಿಗೆ ಇಳಿದು, ಸೋಸಿ ನಡುವಿನ ಕೊಳವೆಗೆ ಸೇರುತ್ತಿತ್ತು. 1884ರಲ್ಲಿ ನಲ್ಲಿ ನೀರು ಬರುವವರೆಗೆ ಊರು ಬಹುಮಟ್ಟಿಗೆ ಕುಡಿದದ್ದು ಇದನ್ನೇ. ಅಂದರೆ ಬಯಲು, ಸುತ್ತಲಿನ ಮನೆಗಳು, ಅವುಗಳ ಮಾಡು ಎಲ್ಲ ಸೇರಿ ಒಂದೇ ಯಂತ್ರವಾಗಿತ್ತು. ಅದನ್ನು ಕಾಪಾಡುವ ಹೊಣೆ ಅದರ ನೀರು ಕುಡಿಯುವವರದು. ಇಂದು ನೀರಿಗೆ ಅದು ಬೇಕಿಲ್ಲ, ಆದರೆ ಊರು ಈಗಲೂ ಬಹುಪಾಲು ಅದೇ ಅಳತೆಯಲ್ಲಿ ಬದುಕುತ್ತಿದೆ. ಸುತ್ತಲಿನ ಮನೆಗಳಲ್ಲಿ ಮಕ್ಕಳಿದ್ದರೆ ಶಾಲೆ, ಮುದುಕರಿದ್ದರೆ ಡಾಕ್ಟರು, ದಿನಾ ಅಡುಗೆ ಮಾಡುವವರಿದ್ದರೆ ಮೀನಿನ ಅಂಗಡಿ. ಎರಡು ರಾತ್ರಿಯ ಅತಿಥಿಗೆ ಇವು ಯಾವುವೂ ಬೇಡ. ಅವನಿಗೆ ಬೇಕಾದದ್ದು ಕಾಫಿ, ಪಿಜ್ಜಾ ತುಂಡು, ಚೀಲ ಇರಿಸುವ ಜಾಗ. ಮನೆಗಳು ಬದಲಾದಂತೆ ಅಂಗಡಿಗಳೂ ಬದಲಾದವು. ಉಳಿದ ನಿವಾಸಿಗೆ ಮೊಳೆ, ಬಲ್ಬು ಕೊಳ್ಳುವುದೂ ರೈಲು ಹತ್ತುವ ಕೆಲಸವಾದರೆ ಅವನೂ ಒಂದು ದಿನ ಗಂಟುಮೂಟೆ ಕಟ್ಟುತ್ತಾನೆ.

ಇಷ್ಟು ಹೇಳಿದ ಮೇಲೆ ನಗರಸಭೆ ಕಂಡುಕೊಂಡ ಮದ್ದನ್ನು ನೋಡಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ನೆನಪಾಗುತ್ತದೆ. 2024ರ ಏಪ್ರಿಲ್ 25ರಿಂದ ವೆನಿಸ್ ಊರಿನೊಳಗೆ ಬರಲು ಶುಲ್ಕ ಶುರುಮಾಡಿತು. ಮೊದಲ ವರ್ಷ 29 ದಿನ, ತಲೆಗೆ 5 ಯೂರೋ. 2025ರಲ್ಲಿ 54 ದಿನ, ಕೊನೇ ಗಳಿಗೆಯಲ್ಲಿ ಬುಕ್ ಮಾಡುವವರಿಗೆ 10 ಯೂರೋ. ಬೆಳಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ, ಹೆಚ್ಚಾಗಿ ವಾರಾಂತ್ಯಗಳಲ್ಲಿ. ಇದನ್ನು ಕೊಡಬೇಕಾದವರು ಬೆಳಗ್ಗೆ ಬಂದು ಸಂಜೆ ಹೋಗುವವರು. ರಾತ್ರಿ ತಂಗುವವರಿಗೆ ವಿನಾಯಿತಿ, ಯಾಕೆಂದರೆ ಅವರು ತಂಗುವ ತೆರಿಗೆಯಾಗಿ ರಾತ್ರಿಗೆ ಕೆಲವು ಯೂರೋ ಹೇಗೂ ಕೊಡುತ್ತಾರೆ ಎಂಬುದು ಸಮರ್ಥನೆ. ಇದರ ಫಲ ನೋಡಿ. ಅರ್ಧ ಗಂಟೆ ದೂರದ ಪಡುವಾದಲ್ಲಿ ಹೋಟೆಲ್ ಹಿಡಿದು, ವೆನಿಸ್‌ನ ಒಂದು ಮನೆಯನ್ನೂ ಮುಟ್ಟದೆ ನೋಡಿ ಹೋಗುವ ಪ್ರವಾಸಿ ಗೇಟಿನಲ್ಲಿ ಶುಲ್ಕದ ಚೀಟಿ ತೋರಿಸಬೇಕು. ಸಂಸಾರವೊಂದು ಖಾಲಿ ಮಾಡಿದ ಮನೆಯಲ್ಲಿ ಮಲಗಿ ಎದ್ದವರು ವಿನಾಯಿತಿಯ ಚೀಟಿ ತೋರಿಸಿ ಮುಂದೆ ಹೋಗುತ್ತಾರೆ. ಮೊದಲ ವರ್ಷ ಸುಮಾರು 24 ಲಕ್ಷ ಯೂರೋ ಸಂಗ್ರಹವಾಯಿತು. ಜನಸಂದಣಿ ಕಡಿಮೆಯಾಗಲಿಲ್ಲ ಎಂದು ನಗರ ಪರಿಷತ್ತಿನ ವಿರೋಧ ಪಕ್ಷದವರು ಅಂಕಿ ಹಿಡಿದು ವಾದಿಸಿದರು. ಇನ್ನೊಂದು ಕಡೆ, 2022ರಲ್ಲಿ ಇಟಲಿಯ ಸಂಸತ್ತು ಅಲ್ಪಾವಧಿ ಬಾಡಿಗೆ ಮನೆಗಳಿಗೆ ಮಿತಿ ಹಾಕುವ ವಿಶೇಷ ಅಧಿಕಾರವನ್ನು ವೆನಿಸ್‌ಗೆ ಕೊಟ್ಟಿತ್ತು. ಶುಲ್ಕದಲ್ಲಿ ತೋರಿದ ಉತ್ಸಾಹವನ್ನು ನಗರಸಭೆ ಅದರಲ್ಲಿ ತೋರಲಿಲ್ಲ. ದಿನದ ಪ್ರವಾಸಿಗೆ ಅಲ್ಲಿ ಮತವಿಲ್ಲ, ಮನೆ ಮಾಲೀಕರಿಗೆ ಇದೆ.

ಜನ ಊರು ಬಿಟ್ಟದ್ದು ಪ್ರವಾಸಿಗಳಿಂದಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ, ಮತ್ತು ಅದು ಬಲವಾದದ್ದೇ. 1917ರಲ್ಲಿ ಎದುರು ದಡದ ಮಾರ್ಗೇರಾದಲ್ಲಿ ಬಂದರು, ಕಾರ್ಖಾನೆಗಳು ತಲೆಯೆತ್ತಿದಾಗಿನಿಂದ ಕೆಲಸ ಅತ್ತ ಸರಿಯಿತು. ಅದೇ ದಡದ ಮೆಸ್ತ್ರೆಯ ಹೊಸ ಫ್ಲ್ಯಾಟುಗಳಲ್ಲಿ ಲಿಫ್ಟು, ಬಿಸಿನೀರು, ಮನೆ ಮುಂದೆ ಕಾರು ಇತ್ತು. ವೆನಿಸ್‌ನ ಮನೆಗಳಲ್ಲಿ ತೇವ ಇತ್ತು. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರಿಗೆ ಏರಿ ಊರನ್ನು ಮುಳುಗಿಸಿದ ಮೇಲೆ ನೆಲ ಅಂತಸ್ತಿನ ಎಷ್ಟೋ ಸಂಸಾರಗಳು ಮರಳಿ ಬರಲಿಲ್ಲ. ಅಗ್ಗದ ವಿಮಾನವಾಗಲಿ ಆ್ಯಪ್ ಆಗಲಿ ಹುಟ್ಟುವ ಎಷ್ಟೋ ಮೊದಲೇ ಊರು ಅರ್ಧಕ್ಕೂ ಕಡಿಮೆಯಾಗಿತ್ತು. ಇದನ್ನೆಲ್ಲ ಒಪ್ಪಿಕೊಳ್ಳೋಣ. ಆದರೆ ಆಗಿನ ವಲಸೆಗೂ ಈಗಿನದಕ್ಕೂ ಒಂದು ವ್ಯತ್ಯಾಸವಿದೆ. ಆಗ ಬಿಟ್ಟುಹೋದ ಮನೆ ಖಾಲಿ ಬೀಳುತ್ತಿತ್ತು, ಖಾಲಿ ಬಿದ್ದ ಮನೆಯ ಬಾಡಿಗೆ ಇಳಿಯುತ್ತಿತ್ತು, ಇಳಿದ ಬಾಡಿಗೆಗೆ ಇನ್ನೊಬ್ಬರು ಬರಬಹುದಿತ್ತು. 1868ರಲ್ಲಿ ಆರಂಭವಾದ ಕಾ ಫೊಸ್ಕರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಆಸ್ಪತ್ರೆಯ ದಾದಿಯರು, ಜಲಸಾರಿಗೆಯ ಸಿಬ್ಬಂದಿ ಇಂದಿಗೂ ಊರಿನಲ್ಲಿ ಕೋಣೆ ಹುಡುಕುತ್ತಾರೆ. ಲಗೂನಿನ ಬಾಯಿಗೆ 78 ಗೇಟುಗಳನ್ನು ಹಾಕಿ 2020ರ ಅಕ್ಟೋಬರ್‌ನಿಂದ ದೊಡ್ಡ ಉಬ್ಬರವನ್ನು ತಡೆಯಲಾಗುತ್ತಿದೆ. ಹಿಂದೆ ಜನರನ್ನು ಓಡಿಸಿದ ಕಾರಣಗಳಲ್ಲಿ ಒಂದು ಸಡಿಲವಾಗಿದೆ. ಈಗ ಮನೆ ಒಣಗಿದೆ, ಕೇಳುವವರೂ ಇದ್ದಾರೆ. ಶುಕ್ರವಾರ ರಾತ್ರಿಯ ಬೆಲೆಯೊಂದಿಗೆ ತಿಂಗಳ ಬಾಡಿಗೆ ಪೈಪೋಟಿ ಮಾಡಲಾಗುವುದಿಲ್ಲ, ಅಷ್ಟೇ.

ಮಾಲೀಕರ ಪರವಾಗಿಯೂ ಒಂದು ಮಾತಿದೆ. ಅಜ್ಜಿ ಬಿಟ್ಟುಹೋದ ಮನೆಯನ್ನು ಪ್ರವಾಸಿಗರಿಗೆ ಕೊಟ್ಟು ಬಂದ ಹಣದಲ್ಲಿ ತಾನಿರುವ ಮನೆಯ ಕೊಳೆತ ತೊಲೆ ಬದಲಿಸುವ ವೆನಿಸ್‌ನವರು ಇದ್ದಾರೆ. ಎಲ್ಲ ಬಾಡಿಗೆ ಮನೆಯ ಹಿಂದೆಯೂ ಕಂಪನಿ ಇಲ್ಲ. ದೋಣಿಯಲ್ಲಿ ಸಾಮಾನು ತಂದು, ಕೈಗಾಡಿಯಲ್ಲಿ ಸೇತುವೆ ಹತ್ತಿಸಿ ಮಾಡಬೇಕಾದ ರಿಪೇರಿಯ ಖರ್ಚು ದಡದ ಊರಿಗಿಂತ ಹೆಚ್ಚು ಎಂಬುದನ್ನೂ ನೆನಪಿಡಬೇಕು. ಈ ಮಾತಿಗೆ ಬೆಲೆ ಇದೆ, ಅದಕ್ಕೇ ಮಾಲೀಕರು ತಾವು ಇರುವ ಮನೆಯ ಒಂದು ಕೋಣೆ ಕೊಡುವುದಕ್ಕೂ, ಬೀಗ ಹಾಕಿದ ಇಡೀ ಮನೆ ಕೊಡುವುದಕ್ಕೂ ಗೆರೆ ಎಳೆಯಬೇಕು. ಮೊದಲನೆಯದರಲ್ಲಿ ಕರೆಗಂಟೆಯ ಹೆಸರು ಉಳಿಯುತ್ತದೆ. ಕಾಲುವೆಗಳ ಇನ್ನೊಂದು ಊರು ಆಮ್‌ಸ್ಟರ್‌ಡ್ಯಾಮ್ ಇಂಥದೇ ಗೆರೆ ಎಳೆದಿದೆ: ಅಲ್ಲಿ 2019ರಿಂದ ನಿವಾಸಿಯೊಬ್ಬ ತನ್ನ ಇಡೀ ಮನೆಯನ್ನು ಪ್ರವಾಸಿಗರಿಗೆ ಕೊಡಬಹುದಾದದ್ದು ವರ್ಷಕ್ಕೆ ಹೆಚ್ಚೆಂದರೆ 30 ರಾತ್ರಿ. ಆ ಊರಿನ ಜನಜಂಗುಳಿ ಇದರಿಂದ ಮಾಯವಾಗಿಲ್ಲ. ಆದರೆ 30 ರಾತ್ರಿಗೆ ಮಾತ್ರ ಗಳಿಸುವ ಮನೆಯಲ್ಲಿ ಉಳಿದ 335 ರಾತ್ರಿ ಯಾರಾದರೂ ಇರಲೇಬೇಕು.

ಅತಿಥಿ ಎಲ್ಲಿ ಮಲಗಬೇಕೆಂದು ಊರು ಹೇಳುವುದು ವೆನಿಸ್‌ನ ಸ್ವಭಾವಕ್ಕೆ ವಿರುದ್ಧ, ಅದು ಎಂದಿನಿಂದಲೂ ಪರದೇಶಿಗಳಿಗೆ ತೆರೆದುಕೊಂಡ ಊರು ಎನ್ನುವವರು ಇತಿಹಾಸವನ್ನು ಅರ್ಧ ಓದಿದ್ದಾರೆ. ತೆರೆದುಕೊಂಡಿತ್ತು ನಿಜ, ಆದರೆ ಹಾಸಿಗೆಯ ವಿಷಯದಲ್ಲಿ ಗಣರಾಜ್ಯದಷ್ಟು ಕಟ್ಟುನಿಟ್ಟಿನ ಸರ್ಕಾರ ಕಡಿಮೆ. ರಿಯಾಲ್ಟೊ ಪಕ್ಕದಲ್ಲಿ ನಿಂತಿರುವ ಫೊಂದಾಕೊ ದೇಯಿ ತೆದೆಸ್ಕಿ ಆಗ ಜರ್ಮನ್ ವ್ಯಾಪಾರಿಗಳ ವಸತಿಯಾಗಿತ್ತು. 1505ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಸರ್ಕಾರವೇ ಮೂರು ವರ್ಷದಲ್ಲಿ ಅದನ್ನು ಮತ್ತೆ ಕಟ್ಟಿಸಿತು. ಆ ವ್ಯಾಪಾರಿಗಳು ಬೇಕಾದ ಮನೆಯಲ್ಲಿ ಇಳಿಯುವಂತಿರಲಿಲ್ಲ; ಅಲ್ಲಿಯೇ ಮಲಗಬೇಕು, ಸರಕು ಅಲ್ಲಿಯೇ ಇಡಬೇಕು, ಲೆಕ್ಕ ಅಲ್ಲಿಯೇ ಒಪ್ಪಿಸಬೇಕು. 1621ರಿಂದ ತುರ್ಕರಿಗೂ ಅಂಥದೊಂದು ಕಟ್ಟಡವಿತ್ತು. ಈ ಇತಿಹಾಸವನ್ನು ಹೊಗಳಿ ಮುಗಿಸುವಂತಿಲ್ಲ. ಇದೇ ತರ್ಕ 1516ರಲ್ಲಿ ಯಹೂದಿಗಳನ್ನು ಗೆಟ್ಟೊ ಎಂಬ ನಡುಗಡ್ಡೆಗೆ ಕೂಡಿಹಾಕಿ, ರಾತ್ರಿ ಬಾಗಿಲು ಜಡಿದು, ಕಾವಲುಗಾರರ ಸಂಬಳವನ್ನೂ ಅವರಿಂದಲೇ ವಸೂಲಿ ಮಾಡಿತು. ಆದ್ದರಿಂದ ನಿಯಂತ್ರಣ ಮನುಷ್ಯರ ಮೇಲಲ್ಲ, ಕಟ್ಟಡಗಳ ಮೇಲೆ ಇರಬೇಕು: ಯಾರು ಬರಬೇಕು ಎಂಬುದನ್ನು ಕೇಳುವ ಗೇಟು ಬೇಡ, ಯಾವ ಕಟ್ಟಡ ವಸತಿಗೃಹ, ಯಾವುದು ಮನೆ ಎಂಬುದನ್ನು ಹೇಳುವ ಕಾನೂನು ಬೇಕು. ಈಗಿನ ಶುಲ್ಕ ಇದನ್ನು ತಿರುಗುಮುರುಗು ಮಾಡಿದೆ.

ಕಾನೂನು ಮಾಡಬೇಕಾದ್ದನ್ನು ಎರಡು ದಿನದ ರಜೆಯಲ್ಲಿ ಬಂದ ಪ್ರವಾಸಿಯ ತಲೆಗೆ ಕಟ್ಟುವುದೇಕೆ ಎಂದರೆ, ಪೂರ್ತಿ ಕಟ್ಟಲಾಗದು ನಿಜ. ಆದರೂ ಒಂದು ಅಭ್ಯಾಸದ ವಿಮರ್ಶೆ ಮಾಡುವಾಗ ಅದರ ಸೋಗನ್ನು ಹೇಳದೆ ಬಿಡುವಂತಿಲ್ಲ. ಬೀಗ ಹಾಕಿದ ಮನೆಯನ್ನು ಹಿಡಿಯುವುದು ಅಗ್ಗ ಎನ್ನುವವರ ಬಗ್ಗೆ ನನಗೆ ತಕರಾರು ಕಡಿಮೆ. ಅದೇ ಹೆಚ್ಚು ಸಂವೇದನೆಯ ಪ್ರವಾಸ ಎನ್ನುವವರ ಬಗ್ಗೆ ಹೆಚ್ಚು. ಇಬ್ಬರಿಗೆ ಬೇರೆ ದಾರಿಗಳಿವೆ. ಮಾಲೀಕರು ಜೊತೆಗಿರುವ ಮನೆಯ ಕೋಣೆ, ವಸತಿಗೃಹವಾಗಿಯೇ ನಡೆಯುವ ಸಣ್ಣ ಹೋಟೆಲು, ಇಲ್ಲವೇ ದಡದ ಮೆಸ್ತ್ರೆ. ಅಲ್ಲಿಂದ 1846ರ ರೈಲು ಸೇತುವೆಯ ಮೇಲೆ ಹತ್ತು ಹನ್ನೆರಡು ನಿಮಿಷ. ಮೆಸ್ತ್ರೆಯ ನಿಲ್ದಾಣದ ಸುತ್ತ ಹೋಟೆಲುಗಳು ಎದ್ದ ವೇಗ ನೋಡಿದರೆ ಅಲ್ಲಿಯೂ ಇದೇ ಕಥೆ ಮರುಕಳಿಸಬಹುದು, ಹಾಗಾಗಿ ಇದು ನಿರ್ದೋಷ ಪರಿಹಾರವಲ್ಲ. ಸದ್ಯಕ್ಕೆ ಇದರ ಪೆಟ್ಟು ಕಡಿಮೆ.

ಈ ಅಳತೆಗೋಲು ಹಿಡಿದರೆ ನಮ್ಮವರ ನಡುವಿನ ಒಂದು ಮೇಲುಕೀಳಿನ ಭಾವನೆಯೂ ತಲೆಕೆಳಗಾಗುತ್ತದೆ. ಬೆಂಗಳೂರಿನಿಂದ ಹೊರಡುವ ಯುರೋಪ್ ಪ್ಯಾಕೇಜ್ ಟೂರನ್ನು ವಾರಾಂತ್ಯದ ಯುವ ಪ್ರವಾಸಿಗರು ಗೇಲಿ ಮಾಡುವುದು ವಾಡಿಕೆ: ಬಸ್ಸಿನಲ್ಲಿ ಐವತ್ತು ಜನ, ರಾತ್ರಿಯೂಟಕ್ಕೆ ಅನ್ನ ಸಾರು ಬೇಕು, ವೆನಿಸ್‌ಗೆ ಕೊಡುವುದು ನಾಲ್ಕೈದು ಗಂಟೆ, ಸಾನ್ ಮಾರ್ಕೊ ಚೌಕದಲ್ಲಿ ಫೋಟೊ, ಗಾಜು ಊದುವ ಪ್ರದರ್ಶನ, ಮತ್ತೆ ಬಸ್ಸು. ಅವರ ಗುಂಪು ಚೌಕದಲ್ಲಿ ದಾರಿ ಕಟ್ಟುತ್ತದೆ, ಅವರು ನೋಡುವುದು ಬಹಳ ಕಡಿಮೆ, ಇದರಲ್ಲಿ ಎರಡು ಮಾತಿಲ್ಲ. ಆದರೆ ಅವರನ್ನು ಸಾಮಾನ್ಯವಾಗಿ ಮಲಗಿಸುವುದು ಮೆಸ್ತ್ರೆಯ ಅಥವಾ ಪಡುವಾದ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ, ಹೋಟೆಲ್ ಆಗಲೆಂದೇ ಕಟ್ಟಿದ ಕಟ್ಟಡದಲ್ಲಿ. ಕಾಂಪೊ ಒಂದರ ಮೂರನೇ ಮಹಡಿಯ ಮನೆ ಹಿಡಿದು, ಸಂತೆಯಲ್ಲಿ ತರಕಾರಿ ಕೊಂಡು, ಕಿಟಕಿಯ ಫೋಟೊ ಹಾಕಿಕೊಂಡ ಮಗ ಊರಿನಿಂದ ತೆಗೆದುಕೊಂಡಷ್ಟನ್ನು, ಅದೇ ವಾರ ಬಸ್ಸಿನಲ್ಲಿ ಬಂದುಹೋದ ಅವನ ಅಪ್ಪ ಅಮ್ಮ ತೆಗೆದುಕೊಂಡಿಲ್ಲ. ಅವರು ಪಡುವಾದಲ್ಲಿ ಇಳಿದಿದ್ದರೆ ಆ ವಾರಾಂತ್ಯದ ಶುಲ್ಕವನ್ನೂ ಕೊಟ್ಟಿರುತ್ತಾರೆ.